ಆಕ್ಸಲ್ ಬೂಟ್ ಹರಿದಿದೆಯೇ? ‘ಟಕಟಕ’ ಶುರುವಾಗುವ ಮೊದಲೇ ಬದಲಿಸಿ

ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಕಾರು ನಿಲ್ಲಿಸಿ. ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರೆ ಚಕ್ರಕ್ಕೆ ಎಂಜಿನ್ನಿನ ಬಲ ತರುವ ಶಾಫ್ಟಿನ, ಅಂದರೆ ಆಕ್ಸಲ್ಲಿನ, ತುದಿಗೆ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕುಲಾವಿಯೊಂದು ಕಾಣುತ್ತದೆ. ಅದೇ ಆಕ್ಸಲ್ ಬೂಟ್. ಬಿರುಕು ಮೇಲೆ ಕಾಣುವುದಿಲ್ಲ, ಮಡಿಕೆಯ ಬುಡದಲ್ಲಿ ಅಡಗಿರುತ್ತದೆ. ಬೆರಳಲ್ಲಿ ಅಗಲಿಸಿ ನೋಡಬೇಕು. ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದಿದ್ದರೆ ಅಷ್ಟೂ ಹುಡುಕಬೇಕಿಲ್ಲ, ಹರಿದಿದೆ.

ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ ಈ ಕಾಟವಿರಲಿಲ್ಲ. ಅವುಗಳಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದುದು ಹಿಂದಿನ ಚಕ್ರಕ್ಕೆ. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರ ಎಳೆಯುವ ಕಾರುಗಳೇ ನಮ್ಮ ರಸ್ತೆ ತುಂಬಿದವು. ಎಳೆಯುವ ಚಕ್ರವೇ ಎಡಕ್ಕೂ ಬಲಕ್ಕೂ ಹೊರಳಬೇಕು, ಗುಂಡಿಗೆ ಇಳಿದು ಏಳಬೇಕು. ಆ ಕಸರತ್ತನ್ನು ತಡೆದುಕೊಳ್ಳುವುದು ಚಕ್ರದ ಬದಿಯ ಸಿವಿ ಜಾಯಿಂಟ್, ಅಂದರೆ ಬೂಟಿನೊಳಗಿರುವ, ಬಾಗುತ್ತಲೇ ತಿರುಗುವ ಕೀಲು. ಒಳಗೆ ಆರು ಉಕ್ಕಿನ ಗುಂಡುಗಳು ಗ್ರೀಸಿನಲ್ಲಿ ಮುಳುಗಿ ತಮ್ಮ ತಮ್ಮ ಕಾಲುವೆಯಲ್ಲಿ ಓಡಾಡುತ್ತವೆ. ಬೂಟ್ ಹರಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ.

ಬಿಡಿಭಾಗ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಹರಿದ ಜಾಗದಿಂದ ಚೂರು ಗ್ರೀಸ್ ತೆಗೆದು ಎರಡು ಬೆರಳ ನಡುವೆ ತಿಕ್ಕಿ. ಬೆಣ್ಣೆಯ ಹಾಗೆ ಜಾರಿದರೆ ಬೂಟ್ ಬದಲಿಸಿದರೆ ಸಾಕು. ರವೆ ಸಿಕ್ಕಿದ ಹಾಗೆ ಕರಕರ ಅಂದರೆ, ಅಥವಾ ಪೂರ್ತಿ ತಿರುವಿನಲ್ಲಿ ‘ಟಕ್ ಟಕ್’ ಸದ್ದು ಆಗಲೇ ಬಂದಿದ್ದರೆ, ಜಾಯಿಂಟೇ ಸವೆದಿದೆ. ಅದಕ್ಕೆ ಹೊಸ ಬೂಟ್ ತೊಡಿಸುವುದು ದಂಡ. ಬೂಟ್ ಕಿಟ್ಟಿಗೆ ಕೆಲವು ನೂರು ರೂಪಾಯಿ, ಆಕ್ಸಲ್ಲಿಗೆ ಸಾವಿರಗಳು. ಆದ್ದರಿಂದಲೇ ಬೇಗ ನೋಡಿ ಅನ್ನುವುದು.

ಕಿಟ್ಟಿನಲ್ಲಿ ಬೂಟ್, ಎರಡು ಕ್ಲಿಪ್, ಗ್ರೀಸ್ ಪ್ಯಾಕೆಟ್ ಇರುತ್ತವೆ. ಜೊತೆಗೆ ಹೊಸ ಹಬ್ ನಟ್ (ಚಕ್ರ ಕೂರುವ ಹಬ್‌ಗೆ ಶಾಫ್ಟನ್ನು ಬಿಗಿದಿಡುವ ದೊಡ್ಡ ನಟ್) ಮತ್ತು ಗೇರ್ ಆಯಿಲ್ ತನ್ನಿ. ಸೀಳಿ ಅಂಟಿಸುವ ಬೂಟ್‌ಗಳೂ ಸಿಗುತ್ತವೆ. ಏನನ್ನೂ ಬಿಚ್ಚಬೇಕಿಲ್ಲ ಎಂಬ ಆಸೆ ಹುಟ್ಟಿಸುತ್ತವೆ, ನಿಜ. ಗ್ರೀಸ್ ಕೈಯಲ್ಲಿ ಹಾಕಿದ ಅಂಟು ಎಷ್ಟು ದಿನ ನಿಂತೀತು? ನಾನಂತೂ ನಂಬುವುದಿಲ್ಲ.

ಚಕ್ರ ನೆಲದ ಮೇಲಿರುವಾಗಲೇ ಹಬ್ ನಟ್ ಸಡಿಲಿಸಬೇಕು. ನಟ್ಟಿನ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಕೂರಿಸಿರುತ್ತಾರೆ. ಉಳಿಯಿಂದ ಅದನ್ನು ಮೊದಲು ಎತ್ತಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ಬಿಚ್ಚಿ. ಆಮೇಲೆ ಜಾಕ್ ಏರಿಸಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ. ಬರೀ ಜಾಕ್ ನಂಬಿ ಕಾರಿನಡಿ ಕೈ ಹಾಕಲೇಬೇಡಿ. ಗೇರ್ ಆಯಿಲನ್ನು ಒಂದು ತಟ್ಟೆಗೆ ಇಳಿಸಿಬಿಡಿ, ಇಲ್ಲದಿದ್ದರೆ ಆಕ್ಸಲ್ ಎಳೆದೊಡನೆ ಅಂಗಳವೆಲ್ಲ ಎಣ್ಣೆ.

ಹಬ್ಬಿನ ಬುಡವನ್ನು ಕೆಳಗಿನ ಆರ್ಮಿಗೆ (ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು) ಸೇರಿಸುವ ಬಾಲ್ ಜಾಯಿಂಟಿನ ಬೋಲ್ಟ್ ಬಿಚ್ಚಿ ಆರ್ಮನ್ನು ಬೇರ್ಪಡಿಸಿದರೆ ಹಬ್ ಹೊರಕ್ಕೆ ವಾಲುತ್ತದೆ. ಶಾಫ್ಟ್ ಜಾರಿ ಬರದಿದ್ದರೆ ಹಳೆಯ ನಟ್ಟನ್ನೇ ತುದಿಯ ಸಮಕ್ಕೆ ಹಾಕಿ, ಮರದ ತುಂಡಿಟ್ಟು ತಟ್ಟಿ. ಬರೀ ಥ್ರೆಡ್ಡಿನ ಮೇಲೆ ಸುತ್ತಿಗೆ ಬಿದ್ದರೆ ಆಕ್ಸಲ್ಲೇ ಹೋದಂತೆ. ಗೇರ್‌ಬಾಕ್ಸ್ ಬದಿಯನ್ನು ಮೀಟುಗೋಲಿನಿಂದ ಮೆಲ್ಲಗೆ ಮೀಟಿ ಹೊರತೆಗೆಯಿರಿ. ಅಲ್ಲಿನ ಆಯಿಲ್ ಸೀಲಿಗೆ ಗೀರು ಬೀಳಬಾರದು.

ಇಲ್ಲೊಂದು ತಮಾಷೆ. ಹರಿದಿರುವುದು ಚಕ್ರದ ಬದಿಯ ಬೂಟ್, ಬಿಚ್ಚಬೇಕಾದದ್ದು ಗೇರ್‌ಬಾಕ್ಸ್ ಬದಿಯನ್ನು. ಹಲವು ಸುಜುಕಿ ಮಾದರಿಗಳಲ್ಲಿ ಚಕ್ರದ ಬದಿಯ ಜಾಯಿಂಟನ್ನು ಬಿಚ್ಚುವಂತಿಲ್ಲ. ಒಳಬದಿಯ ಕ್ಲಿಪ್ ತೆಗೆದು, ಬಟ್ಟಲಿನಂಥ ಭಾಗವನ್ನು ಎಳೆದರೆ ಮೂರು ರೋಲರಿನ ಟ್ರೈಪಾಡ್ ಕಾಣುತ್ತದೆ. ಅದಕ್ಕೂ ಶಾಫ್ಟಿಗೂ ಬಣ್ಣದ ಗುರುತು ಹಾಕಿ, ಲಾಕ್ ತೆಗೆದು ಬಿಚ್ಚಿ. ಎರಡೂ ಬೂಟ್‌ಗಳು ಈ ದಾರಿಯಲ್ಲೇ ಹೊರಬರುತ್ತವೆ. ಒಳಬದಿಯ ಬೂಟನ್ನೂ ಈಗಲೇ ಬದಲಿಸುವುದು ಜಾಣತನ.

ಹಳೆಯ ಗ್ರೀಸನ್ನು ಕಾಟನ್ ವೇಸ್ಟಿನಲ್ಲಿ ಪೂರ್ತಿ ಒರೆಸಿ. ಜಾಯಿಂಟನ್ನು ಅತ್ತಿತ್ತ ಹೊರಳಿಸುತ್ತ ಒಂದೊಂದೇ ಗುಂಡನ್ನು ಬೆಳಕಿಗೆ ತನ್ನಿ. ಕುಳಿ ಬಿದ್ದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ರಬ್ಬರಿಗೆ ಮಾತ್ರ ಸೀಮೆಎಣ್ಣೆ, ಪೆಟ್ರೋಲ್ ಸೋಕಿಸಬೇಡಿ.

ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿ, ಮೊದಲು ಕ್ಲಿಪ್, ಆಮೇಲೆ ಬೂಟ್ ಏರಿಸಿ. ನಾನು ಮೊದಲ ಸಲ ಎಲ್ಲ ಜೋಡಿಸಿ, ಟ್ರೈಪಾಡ್ ಲಾಕ್ ಮಾಡಿ, ಕೈ ಒರೆಸಿಕೊಂಡು ತಿರುಗಿದರೆ ಚಿಕ್ಕ ಕ್ಲಿಪ್ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಮತ್ತೆ ಎಲ್ಲ ಬಿಚ್ಚಿದೆ.

ಗ್ರೀಸ್ ಕಿಟ್ಟಿನದೇ ಆಗಬೇಕು; ಚಕ್ರದ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಇಲ್ಲಿ ಬೇಡ. ಗುಂಡುಗಳ ಸಂದಿಗೆ ಬೆರಳಲ್ಲಿ ಒತ್ತಿ ತುಂಬಿ, ಉಳಿದದ್ದನ್ನು ಬೂಟಿನೊಳಗೆ ಹಾಕಿ. ಬೂಟಿನ ಎರಡೂ ಬಾಯಿ ಅದರದರ ತೋಡಿನಲ್ಲಿ ಕೂತ ಮೇಲೆ, ಚಿಕ್ಕ ಬಾಯಿಯಡಿ ಮೊಂಡಾದ ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಿ. ‘ಪುಸ್’ ಅಂದು ಮಡಿಕೆಗಳು ಸಮವಾಗಿ ನಿಲ್ಲುತ್ತವೆ. ಆಗ ಕ್ಲಿಪ್ ಬಿಗಿಯಿರಿ. ಗಾಳಿ ಸಿಕ್ಕಿಕೊಂಡು ಉಬ್ಬಿದ ಬೂಟ್ ಬೇಗ ಹರಿಯುತ್ತದೆ, ಒಳಕ್ಕೆ ಹೀರಿಕೊಂಡದ್ದೂ ಅಷ್ಟೇ.

ಜೋಡಣೆ ಉಲ್ಟಾ ಕ್ರಮದಲ್ಲಿ. ಆಕ್ಸಲ್ ಗೇರ್‌ಬಾಕ್ಸಿಗೆ ‘ಟಕ್’ ಎಂದು ಕೂರಬೇಕು. ಕೂತಿದೆಯೇ ಎಂದು ಜಾಯಿಂಟನ್ನು ಹಿಡಿದು ಎಳೆದು ನೋಡಿ, ಶಾಫ್ಟನ್ನಲ್ಲ. ಗೇರ್ ಆಯಿಲ್ ತುಂಬಿ, ಚಕ್ರ ಹಾಕಿ ನೆಲಕ್ಕಿಳಿಸಿ, ಹೊಸ ಹಬ್ ನಟ್ಟನ್ನು ನಿಮ್ಮ ಕಾರಿನ ಮ್ಯಾನುಯಲ್ ಹೇಳುವಷ್ಟೇ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದು ಅಂಚು ಬಡಿಯಿರಿ. ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಗ್ಗಿ, ಕ್ಲಿಪ್ಪಿನ ಸುತ್ತ ಬೆರಳಾಡಿಸಿ. ಬೆರಳು ಒಣಗಿದ್ದರೆ ಕೆಲಸ ಮುಗಿದಿದೆ.