ಮಿರಗದ ಮಳಿ ಬಿದ್ದ ರಾತ್ರಿ ಕಪ್ಪಿ ನೋಡಾಕ ಹೋಗೂದು ಹೆಂಗ

ಕಪ್ಪಿ ನೋಡಾಕ ಕಾಡಿಗೇ ಹೋಗಬೇಕಂತೇನಿಲ್ರಿ. ಧಾರವಾಡದಾಗ ಕೆಲಗೇರಿ ಕೆರಿ ದಂಡಿ, ಹುಬ್ಬಳ್ಳ್ಯಾಗ ಉಣಕಲ್ ಕಡೆ ನೀರು ನಿಂತ ಖಾಲಿ ಸೈಟು, ಅದೂ ದೂರ ಆತು ಅಂದ್ರ ನಿಮ್ಮ ಓಣಿ ತುದಿಗೆ ಮನಿ ಕಟ್ಟಾಕಂತ ಅಗದು ಹಂಗ ಬಿಟ್ಟಿರೋ ತಗ್ಗು, ಅಷ್ಟ ಸಾಕು. ಜಾಗ ಎಲ್ಲಾರ ಸಿಗತೈತಿ, ಟೈಮ್ ತಪ್ಪಿದ್ರ ಮಾತ್ರ ಮುಂದಿನ ವರ್ಷದ ತನಕ ಕುಂದ್ರಬೇಕು.

ಯಾಕಂದ್ರ ಕೆಲವು ಕಪ್ಪಿ ವರ್ಷದಾಗ ಬಹಳ ದಿನ ನೆಲದ ಒಳಗ ಇರ್ತಾವು. ಮಸಾರಿ ಹೊಲದಾಗ ಒಂದು ಜಾತಿ ಗುಂಡನ ಕಪ್ಪಿ ಐತಿ, ಹಿಂದಿನ ಪಾದಕ್ಕ ಸಲಿಕಿ ಇದ್ಹಂಗ ಒಂದು ಗಟ್ಟಿ ಗಂಟು, ಅದರಿಂದ ಮಣ್ಣ ತೋಡಕೋತ ಹಿಂದಹಿಂದಕ್ಕ ಇಳೀತೈತಿ, ಅಂದ್ರ ಕುಂಡಿ ಮೊದಲ ಒಳಗ ಹೋಗತೈತಿ, ಮುಖ ಕಡೀಕ. ಬ್ಯಾಸಿಗಿ ಪೂರ್ತಿ ಅಲ್ಲೇ. ಜೂನ್ ಮೊದಲ ಎರಡು ವಾರದಾಗ ಒಂದು ಜೋರು ಮಳಿ ಬಿತ್ತು ಅಂದ್ರ ಎಲ್ಲಾ ಒಮ್ಮೆಲೇ ಎದ್ದು ಬಂದು ಎರಡ್ಮೂರು ರಾತ್ರಿ ಭಾರೀ ಗದ್ದಲ ಮಾಡಿ, ತತ್ತಿ ಇಟ್ಟು, ಸುಮ್ನಾಗಿ ಬಿಡ್ತಾವು. ಮಳಿ ಬರಲಿಲ್ಲಂದ್ರ ನಮ್ಮ ಕಡೆ ಕಪ್ಪಿಗೆ ಮದುವಿ ಮಾಡ್ತಾರಲ್ಲ, ಪಾಪ ಅವೂ ನಮ್ಮಂಗ ಮಳಿ ದಾರಿ ಕಾಯಕೋತ ಕುಂತಿರ್ತಾವು. ಹಿಂಗಾಗಿ ಮೊದಲ ದೊಡ್ಡ ಮಳಿ ನಿಂತ ರಾತ್ರಿ, ಊಟ ಮುಗಿಸಿ ಎಂಟು ಒಂಬತ್ತರ ಸುಮಾರಿಗೆ ಹೊಂಡ್ರಿ, ನಾಳೆ ನೋಡೋಣ ಅನ್ನಬ್ಯಾಡ್ರಿ.

ಸಾಮಾನು ಭಾಳ ಬೇಡ. ಒಂದು ಬ್ಯಾಟ್ರಿ, ಗಂಬೂಟು, ಜೋಡಿಗೆ ಒಬ್ಬರು. ಗಂಬೂಟು ಯಾಕಂದ್ರ ಕಪ್ಪಿ ಇದ್ದಲ್ಲೆ ಹಾವು ಬರತಾವು, ಚಪ್ಪಲ ಮ್ಯಾಲ ಹುಲ್ಲಾಗ ಕಾಲಿಡಬ್ಯಾಡ್ರಿ. ನಮ್ಮವ್ವಗ ಹೇಳಿದ್ರ "ರಾತ್ರಿ ಹೊತ್ತು ಕಪ್ಪಿ ನೋಡಾಕ ಹೊಂಟೀಯಲ್ಲೋ, ತಲಿಗಿಲಿ ಕೆಟ್ಟೈತೇನು" ಅಂತಾಳ, ಅದಕ್ಕ ನಾ ಈಗ ಪಾನ್ ತಿನ್ನಾಕ ಅಂತ ಹೇಳಿ ಹೋಗ್ತೀನಿ. ಗಂಬೂಟು ಹಾಕ್ಕೊಂಡು ಪಾನ್ ತಿನ್ನಾಕ ಯಾರು ಹೋಗ್ತಾರ ಅಂತ ಆಕಿ ಇನ್ನೂ ಕೇಳಿಲ್ಲ.

ಹೋದ ಕೂಡಲೆ ಬ್ಯಾಟ್ರಿ ಹೊಡೀಬ್ಯಾಡ್ರಿ. ನಿಮ್ಮ ಹೆಜ್ಜಿ ಸಪ್ಪಳಕ್ಕ ಎಲ್ಲಾ ಗಪ್ ಆಗಿರ್ತಾವು, ಐದು ನಿಮಿಷ ಕತ್ತಲಾಗ ಸುಮ್ನ ನಿಂತಗೋರಿ, ಮೊದಲ ಒಂದು ಶುರು ಮಾಡತೈತಿ, ಅದರ ಬೆನ್ನಿಗೆ ಇನ್ನೊಂದು, ಆಮ್ಯಾಲ ಇಡೀ ತಗ್ಗ ಗಲಗಲ. ಕೂಗೋವು ಗಂಡು, ಹೆಣ್ಣು ಹೆಚ್ಚಾಗಿ ಸುಮ್ನ ಕೇಳಿ ಆರಿಸಿಕೋತಾವು. ಒಂದೊಂದು ಜಾತಿಗೆ ಒಂದೊಂದು ದನಿ, ಹೀಂಗಾಗಿ ಕಣ್ಣಿಗಿಂತ ಕಿವಿನೇ ಮೊದಲ ಹೇಳತೈತಿ ಯಾವುದು ಅಂತ. ಬಾಚಣಿಕಿ ಹಲ್ಲಿನ ಮ್ಯಾಲ ಉಗುರು ಎಳದ್ಹಂಗ ಕರ್ರ್‌ಕರ್ರ್ ಅಂತ ಕೇಳಿದ್ರ ಅದು ಹೆಬ್ಬೆರಳ ಉಗುರಿನಕಿಂತ ಚೂರು ದೊಡ್ಡದಿರೋ ಸಣ್ಣ ಬಾಯಿ ಕಪ್ಪಿ, ಇಷ್ಟ ಜೋರು ಕೂಗೋದು ಇದೇನಾ ಅಂತ ನಂಬಿಕಿ ಬರೂದಿಲ್ಲ. ಗ್ವಾಡಿ ಇಲ್ಲಾ ಗಿಡದ ಮ್ಯಾಲಿಂದ ಕಟಗಿ ಬಡದ್ಹಂಗ ಟಕಟಕಟಕ ಅಂದ್ರ ಮರಗಪ್ಪಿ. ಉಸಿರು ಬಿಡದ ಉದ್ದಕ್ಕ ಕುರ್ರ್ರ್ ಅಂದ್ರ ಮೈ ತುಂಬ ಗುಳ್ಳಿ ಇರೋ ನೆಲಗಪ್ಪಿ. ಇಷ್ಟು ಕೂಗಿದ್ರೂ ಬಾಯಿ ಮುಚ್ಚೇ ಇರತೈತಿ ನೋಡ್ರಿ, ಗಾಳಿ ಹೊರಗ ಬಿಡೂದಿಲ್ಲ, ಪುಪ್ಪುಸದಿಂದ ಗಂಟಲ ಚೀಲಕ್ಕ, ಚೀಲದಿಂದ ವಾಪಸ್ ಪುಪ್ಪುಸಕ್ಕ, ಅದೇ ಗಾಳಿ ಓಡಾಡಸತಾವು.

ದನಿ ಎಲ್ಲಿಂದ ಅಂತ ಗೊತ್ತಾದ ಮ್ಯಾಲ ಬ್ಯಾಟ್ರಿನ ಕಣ್ಣಿನ ಲೆವೆಲ್ಲಿಗೆ ಹಿಡಕೋರಿ, ಸೊಂಟದ ಕಡೆ ಅಲ್ಲ, ಆವಾಗ ಅವುಗಳ ಕಣ್ಣು ಹೊಳೀತಾವು. ಸಣ್ಣ ಸಣ್ಣ ಹಸರು ಚುಕ್ಕಿ ಹೊಳದ್ರ ಅದು ಜ್ಯಾಡ, ಫಸ್ಟ್ ಟೈಮ್ ಎಲ್ಲಾರೂ ಮೋಸ ಹೋಗ್ತಾರ, ನಾನೂ ಹೋಗೇನಿ.

ಲಕ್ ಇದ್ರ ಬುಲ್‌ಫ್ರಾಗ್ ಸಿಗತೈತಿ. ವರ್ಷಪೂರ್ತಿ ಕೆಸರ ಬಣ್ಣದಾಗ ಇರೋ ಗಂಡು ಈ ಹೊತ್ತಿನ್ಯಾಗ ಮಾತ್ರ ಲಿಂಬಿಹಣ್ಣಿನಂಗ ಹಳದಿ ಆಗತೈತಿ, ಗಂಟಲ ಎರಡೂ ಬಾಜೂ ಗಾಢ ನೀಲಿ ಚೀಲ. ಮದಿವಿ ಸೀಜನ್ ಮುಗೀತಂದ್ರ ಬಣ್ಣ ಹೋತು. ಒಂದು ಕಾಲಕ್ಕ ಕಪ್ಪಿ ಕಾಲು ನಮ್ಮ ದೇಶದಿಂದ ಟನ್‌ಗಟ್ಟಲೆ ಹೊರದೇಶಕ್ಕ ಹೋಗತಿದ್ದವು, 1987ರಾಗ ಸರಕಾರ ಆ ಎಕ್ಸ್‌ಪೋರ್ಟ್ ಬಂದ್ ಮಾಡ್ತು. ಇದರ ಮರಿನೂ ಕಡಿಮಿ ಅಲ್ಲ, ಗೊದಮೊಟ್ಟಿ ಇದ್ದಾಗನ ಬ್ಯಾರೆ ಗೊದಮೊಟ್ಟಿ ಹಿಡದು ತಿಂತೈತಿ.

ಕೆರಿಗೆ ಹೋಗಾಕ ಆಗದಾವ್ರು ಲೈಟಿನ ಕಂಬದ ಕೆಳಗ ನಿಂದರ್ರಿ. ಮಳಿ ಆದ ಮ್ಯಾಲ ರೆಕ್ಕಿ ಬಂದ ಗೆದ್ದಲ ಹುಳ ಬೀಳತಿರ್ತಾವಲ್ಲ, ನೆಲಗಪ್ಪಿ ಅಲ್ಲೆ ಪಂಕ್ತಿ ಊಟಕ್ಕ ಕುಂತಂಗ ಕುಂತಿರ್ತಾವು. ಅದರ ನಾಲಿಗಿ ನಮ್ಮಂಗ ಹಿಂದ ಅಲ್ಲ, ಬಾಯಿ ಮುಂದಿನ ತುದಿಗೆ ಅಂಟಿರತೈತಿ, ಅದಕ್ಕ ಪಟ್ಟನ ಹೊರಗ ಮಗಚತೈತಿ. ನಾಲಿಗಿ ನೋಡಾಕ ಹೋಗಬ್ಯಾಡ್ರಿ, ಕಣ್ಣಿಗೆ ಸಿಗೂದಿಲ್ಲ, ನುಂಗೋ ಹೊತ್ತಿಗೆ ಕಣ್ಣು ನೋಡ್ರಿ. ಎರಡೂ ಕಣ್ಣು ಮುಚ್ಚಿ ತಲಿ ಒಳಗ ಇಳೀತಾವು, ಆ ಕಣ್ಣಿನ ಗುಡ್ಡಿನೇ ತುತ್ತನ್ನ ಗಂಟಲಕ್ಕ ದೂಡತಾವು. ನಾ ಇದನ್ನ ಮೊದಲ ಸಲ ನೋಡಿ ಅರ್ಧಾ ತಾಸು ಆ ಕಂಬ ಬಿಟ್ಟು ಕದಲಿಲ್ಲ, ಓಣಿ ಮಂದಿ ಕರೆಂಟಿನಾವ ಬಂದಾನ ಅಂದ್ಕೊಂಡ್ರು.

ಇನ್ನ ಬಾತ್‌ರೂಮಿಗೆ ಬರೋ ಮರಗಪ್ಪಿ ವಿಷಯ. ದಯವಿಟ್ಟು ಉಪ್ಪು ಹಾಕಬ್ಯಾಡ್ರಿ. ಕಪ್ಪಿ ಬಾಯಿಂದ ನೀರು ಕುಡಿಯೂದಿಲ್ಲ, ಹೊಟ್ಟಿ ತಳಗಿನ ಚರ್ಮದಿಂದನ ಎಳಕೋತೈತಿ, ಹಸಿ ನೆಲಕ್ಕ ಹೊಟ್ಟಿ ಹಚ್ಚಿ ಕುಂತೈತಿ ಅಂದ್ರ ನೀರು ಕುಡ್ಯಾಕತ್ತೈತಿ ಅಂತನ ತಿಳಕೋರಿ. ಅಂಥಾ ಚರ್ಮಕ್ಕ ಉಪ್ಪು, ಫಿನಾಯಿಲ್ ಬಿದ್ರ ಏನಾಗಬೇಕು? ಮ್ಯಾಲ ಒಂದು ಮಗ್ ಬೋರಲ ಹಾಕಿ, ಅಡಿಗೆ ರಟ್ಟು ಜಾರಿಸಿ, ಹೊರಗ ಗಿಡದ ಬುಡಕ್ಕ ಬಿಡ್ರಿ. ಕೈಲೆ ಹಿಡಿಯೋದ ಆದ್ರ ಕೈ ಬರೇ ನೀರಾಗ ತೊಯಿಸಿಕೋರಿ, ಸೊಳ್ಳಿ ಕ್ರೀಮ್ ಹಚ್ಚಿದ ಕೈ ಬ್ಯಾಡ. ಮುಟ್ಟಿದ್ರ ನರೂಲಿ ಏಳತಾವು ಅನ್ನೋದು ಸುಳ್ಳು, ನರೂಲಿ ಬರೂದು ಮನಷ್ಯಾರ ವೈರಸ್‌ನಿಂದ. ಆದ್ರ ನೆಲಗಪ್ಪಿ ಕಣ್ಣಿನ ಹಿಂದ ಉಬ್ಬಿದ ಗ್ರಂಥಿಯೊಳಗ ವಿಷ ಇರೋದು ಖರೇ, ನಾಯಿ ಬಾಯಿ ಹಾಕಿದ್ರ ಜೊಲ್ಲು ಸುರಿಸತೈತಿ, ನೀವು ಮುಟ್ಟಿದ್ರ ಕೈ ತೊಳಕೋರಿ.

ಮರುದಿನ ಮುಂಜಾನೆ ಅದೇ ಜಾಗಕ್ಕ ಇನ್ನೊಮ್ಮೆ ಹೋಗ್ರಿ, ತತ್ತಿ ಕಾಣತಾವು. ನೀರಾಗ ಕರಿಮಣಿ ಸರ ಬಿಚ್ಚಿ ಒಗದ್ಹಂಗ ಇದ್ರ ನೆಲಗಪ್ಪಿದು. ನೀರಿನ ಟಾಕಿ ಗ್ವಾಡಿಗೆ ಸಬಕಾರದ ಬುರುಗು ಅಂಟಿದ್ಹಂಗ ಇದ್ರ ಮರಗಪ್ಪಿ ಗೂಡು, ಒರಸಬ್ಯಾಡ್ರಿ, ಒಳಗಿನ ಮರಿ ಕೆಳಗ ನೀರಿಗೆ ಉದುರತಾವು. ಇದರಕಿಂತ ಚಂದದ್ದು ಬೇಕಂದ್ರ ಘಟ್ಟ ಹತ್ತರಿ, ಉತ್ತರ ಕನ್ನಡದ ಸಿದ್ದಾಪುರ ಕಡೆ ಹಳ್ಳದಾಗ ಕುಂಬಾರ ಕಪ್ಪಿ ಐತಿ, 2014ರಾಗ ಹೊಸ ಜಾತಿ ಅಂತ ಗುರುತಿಸಿದ್ರು. ಗಂಡು ಹಿಂಗಾಲ ಮ್ಯಾಲ ನಿಂತು ಮುಂಗೈಲೆ ಕೆಸರು ತಗೊಂಡು ತತ್ತಿಗೆ ಮೆತ್ತತೈತಿ, ಅದಕ್ಕ ಆ ಹೆಸರು.

ಹೊಲದಾಗ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದ್ದವರು ಒಂದು ಕೆಲಸ ಮಾಡ್ರಿ. ಒಳಗ ಬಿದ್ದ ಕಪ್ಪಿಗೆ ಜಾರೋ ಹಾಳಿ ಹತ್ತಾಕ ಆಗೂದಿಲ್ಲ, ಸಾಯತಾವು. ಹಳೇ ಗೋಣಿ ಚೀಲ ನಾಕು ಜೋಡಿಸಿ ಹೊಲದು, ಒಂದು ತುದಿ ದಂಡಿಗೆ ಗೂಟಕ್ಕ ಕಟ್ಟಿ, ಇನ್ನೊಂದು ತುದಿ ನೀರಾಗ ಇಳಿ ಬಿಡ್ರಿ. ರಾತ್ರಿ ಬ್ಯಾಟ್ರಿ ಹಿಡದು ನೋಡಿದ್ರ ಒಂದೊಂದ ಮ್ಯಾಲ ಹತ್ತಿ ಬರೋದು ಕಾಣತೈತಿ.