ಬೆಳವಕ್ಕಿ ನೆಲಕ್ಕಿಳಿಯುವ ಮೊದಲು

ಕೈತೋಟಕ್ಕೆ ಬರುವ ಬೆಳವಕ್ಕಿಯನ್ನು ನೋಡಬೇಕೆನ್ನುವವರು ಮಾಡುವ ಮೊದಲ ತಪ್ಪೆಂದರೆ ನೆಲವನ್ನು ನೋಡುತ್ತಾ ಕೂರುವುದು. ನಾನೂ ಎರಡು ವರ್ಷ ಹಾಗೆಯೇ ಕೂತೆ. ಕಾಳು ಚೆಲ್ಲಿ, ಅದರ ಮೇಲೆಯೇ ಕಣ್ಣು ನೆಟ್ಟು, ಹಕ್ಕಿ ಇಳಿದಾಗ ‘ಬಂತು’ ಎಂದು ಬರೆದುಕೊಳ್ಳುತ್ತಿದ್ದೆ. ಆಮೇಲೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಮಂಚ ಹಿಡಿದೆ. ಅಲ್ಲಿಂದ ನೆಲ ಕಾಣುತ್ತಿರಲಿಲ್ಲ. ಕಿಟಕಿಯಲ್ಲಿ ಕಾಣುತ್ತಿದ್ದುದು ಎದುರಿನ ತಂತಿ ಮತ್ತು ಸೂರಿನ ಅಂಚು, ಅಷ್ಟೇ. ಆಗ ತಿಳಿಯಿತು: ಹಕ್ಕಿ ನೆಲಕ್ಕೆ ಇಳಿಯುವ ಕಾಲು ಗಂಟೆ ಮೊದಲೇ ತೋಟಕ್ಕೆ ಬಂದಿರುತ್ತದೆ.

ಆದ್ದರಿಂದ ಕುರ್ಚಿಯನ್ನು ತಂತಿ, ಒಣಕೊಂಬೆ ಅಥವಾ ಮಾಳಿಗೆಯ ಅಂಚು ಕಾಣುವ ಹಾಗೆ ಹಾಕಿಕೊಳ್ಳಿ. ಬೆಳಗಿನ ಮೊದಲ ಒಂದು ಗಂಟೆ ಸಾಕು. ಮನೆಯೊಳಗೆ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಕೂತರೆ ನಿಮ್ಮ ಕೈಯಾಡುವುದು ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ.

ಕೊರಳಪಟ್ಟಿಯ ಬೆಳವಕ್ಕಿ ಸುಮಾರು 32 ಸೆಂಟಿಮೀಟರ್ ಉದ್ದದ, ಮಾಸಲು ಬೂದುಬಣ್ಣದ ಹಕ್ಕಿ. ಹೆಸರಿಗೆ ಪಟ್ಟಿ ಇದ್ದರೂ ಅದು ಕೊರಳನ್ನು ಪೂರ್ತಿ ಸುತ್ತುವುದಿಲ್ಲ. ಕತ್ತಿನ ಹಿಂದೆ ಅರ್ಧ ಉಂಗುರದಂಥ ಕಪ್ಪು ಗೆರೆ, ಅಂಚಿನಲ್ಲಿ ತೆಳು ಬಿಳಿ. ನಿಮ್ಮತ್ತ ಮುಖ ಮಾಡಿ ಕೂತ ಹಕ್ಕಿಯಲ್ಲಿ ಅದನ್ನು ಹುಡುಕಿ ಸುಸ್ತಾಗಬೇಡಿ, ತಿರುಗುವವರೆಗೆ ಕಾಯಿರಿ. ಕತ್ತಿನ ಹಿಂದೆ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳಿದ್ದರೆ ಅದು ಚುಕ್ಕೆ ಬೆಳವ, ಬೇರೆಯೇ ಜಾತಿ. ಮರಿಗಳಿಗೆ ಪಟ್ಟಿ ಇರುವುದಿಲ್ಲ, ದೊಡ್ಡವುಗಳ ಕೆಂಪು ಕಣ್ಣೂ ಇನ್ನೂ ಬಂದಿರುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದಿಡೀ ತಿಂಗಳು ‘ಹೊಸ ಜಾತಿಯೊಂದು ಬರುತ್ತಿದೆ’ ಎಂದು ಹೆಮ್ಮೆಯಿಂದ ಬರೆದಿಟ್ಟಿದ್ದೇನೆ. ಆ ಪುಟವನ್ನು ಹರಿದಿಲ್ಲ.

ತಂತಿಯ ಮೇಲಿನ ಹೊತ್ತೇ ನೋಡುವ ಹೊತ್ತು. ಮೊದಲು ಕೂಗು ಕೇಳಿ: ಮೂರು ತುಂಡು, ನಡುವಿನದಕ್ಕೆ ಒತ್ತು, ಬೇಸರವಿಲ್ಲದೆ ಮತ್ತೆ ಮತ್ತೆ ಅದೇ. ಇದರ ವೈಜ್ಞಾನಿಕ ಹೆಸರಿನಲ್ಲಿರುವ ‘ಡೆಕಾಆಕ್ಟೊ’ ಎಂಬುದು ಗ್ರೀಕ್ ಭಾಷೆಯ ಹದಿನೆಂಟು. ಕೂಗು ಆ ಪದದಂತೆ ಕೇಳುತ್ತದೆಯಂತೆ. ನನಗೆ ಎಷ್ಟು ಕಿವಿಗೊಟ್ಟರೂ ಹಾಗೆ ಕೇಳಿಲ್ಲ. ಕೂಗು ನಿಲ್ಲಿಸಿದ ಗಂಡು ಕೆಲವೊಮ್ಮೆ ಕಡಿದಾಗಿ ಮೇಲೇರಿ, ರೆಕ್ಕೆ ಬಾಲಗಳನ್ನು ಹರಡಿ, ಸುತ್ತು ಹಾಕುತ್ತಾ ಜಾರಿ ಇಳಿಯುತ್ತದೆ. ಬಾಲದ ತುದಿಯ ಬಿಳುಪು ಚೆನ್ನಾಗಿ ಕಾಣುವುದು ಆಗಲೇ. ಎಲ್ಲಾದರೂ ಬಂದು ಕೂರುವಾಗ ಗಂಟಲು ಕಟ್ಟಿದಂತೆ ಒಂದು ಒರಟು ದನಿ ಹೊರಡಿಸುವುದೂ ಉಂಟು. ಅಷ್ಟು ಸಾಧು ಮುಖದ ಹಕ್ಕಿಗೆ ಹೊಂದದ ದನಿ.

ಇಷ್ಟು ಅಳುಕಿನ ಹಕ್ಕಿ ದೂರ ಹೋಗಲಾರದು ಎಂದುಕೊಂಡರೆ ಮೋಸ ಹೋಗುತ್ತೀರಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಇದು ಟರ್ಕಿ ಮತ್ತು ಬಾಲ್ಕನ್ ಸೀಮೆಯನ್ನು ದಾಟಿರಲಿಲ್ಲ. 1955ರಲ್ಲಿ ಬ್ರಿಟನ್ನಿನಲ್ಲಿ ಗೂಡು ಕಟ್ಟಿತು. 1970ರ ದಶಕದಲ್ಲಿ ಬಹಾಮಾಸ್ ದ್ವೀಪಗಳಲ್ಲಿ ಪಂಜರದಿಂದ ಹೊರಬಿದ್ದವುಗಳ ಸಂತತಿ ಈಗ ಉತ್ತರ ಅಮೆರಿಕದ ಬಹುಭಾಗದಲ್ಲಿದೆ. ತಂತಿಯಿಂದ ನೆಲಕ್ಕೆ ಮಾತ್ರ ಕಾಲು ಗಂಟೆ!

ಕಾಳಿನ ವಿಚಾರ ಸರಳ. ಗೋಧಿ, ಸಿರಿಧಾನ್ಯ, ಒಡೆದ ಜೋಳ ಯಾವುದಾದರೂ ಆದೀತು. ತೂಗುಹಾಕುವ ಕೊಳವೆ ಬೇಡ, ಇದರ ಮೈಗೆ ಅದು ಇಕ್ಕಟ್ಟು. ಬಯಲಾದ ನೆಲ ಅಥವಾ ಅಗಲ ತಟ್ಟೆ ಸಾಕು. ಪೊದೆಯಿಂದ ದೂರವಿಡಿ. ಒಂದು ಹಿಡಿಗಿಂತ ಹೆಚ್ಚು ಹಾಕಬೇಡಿ, ಉಳಿದದ್ದನ್ನು ಸಂಜೆಗೆ ಗುಡಿಸಿ. ನೀರಿನ ಬಟ್ಟಲನ್ನು ದಿನವೂ ಉಜ್ಜಿ ತೊಳೆಯಿರಿ. ಪಾರಿವಾಳ, ಬೆಳವಗಳ ಗಂಟಲಿಗೆ ಬರುವ ಟ್ರೈಕೊಮೊನಾಸಿಸ್ ರೋಗ ಇಂಥ ಬಟ್ಟಲು ತಟ್ಟೆಗಳಿಂದ ಹರಡುತ್ತದೆ. ಗರಿ ಉಬ್ಬಿಸಿಕೊಂಡು, ಕಾಳು ನುಂಗಲಾಗದೆ ಕೂತ ಹಕ್ಕಿ ಕಂಡರೆ ಕಾಳು ನೀರು ಎರಡನ್ನೂ ಕೆಲವು ವಾರ ನಿಲ್ಲಿಸಿ. ಮನಸ್ಸಿಗೆ ಕಷ್ಟ, ಆದರೆ ಅವು ಚದುರಿಹೋಗುವುದೇ ಕ್ಷೇಮ.

ನೀರು ಕುಡಿಯುವುದನ್ನಂತೂ ತಪ್ಪದೆ ನೋಡಿ. ಹೆಚ್ಚಿನ ಹಕ್ಕಿಗಳು ಗುಟುಕು ತೆಗೆದುಕೊಂಡು ತಲೆ ಎತ್ತುತ್ತವೆ. ಇದು ಕೊಕ್ಕು ಮುಳುಗಿಸಿ, ತಲೆ ಎತ್ತದೆ, ಹೀರುತ್ತದೆ.

ಗೂಡು ಸಿಕ್ಕಿದರೆ ದೂರದಿಂದಲೇ ನೋಡಿ. ಹಿಡಿ ಕಡ್ಡಿಗಳನ್ನು ಒಟ್ಟಿದ ಹಾಗಿರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆ. ಹಗಲು ಗಂಡು, ರಾತ್ರಿ ಹೆಣ್ಣು ಕಾವು ಕೂರುತ್ತವೆ.

ಕಿಟಕಿಯ ಗಾಜಿನ ಮೇಲೆ ಎಂದಾದರೂ ರೆಕ್ಕೆ ಹರಡಿದ ಹಕ್ಕಿಯ ಬಿಳಿ ಅಚ್ಚು ಕಂಡರೆ, ಅದು ಡಿಕ್ಕಿ ಹೊಡೆದಾಗ ಅಂಟಿದ ಗರಿಯ ಪುಡಿ. ನಮ್ಮ ಗಾಜಿನಲ್ಲಿ ಕೊಕ್ಕಿನ ಗುರುತೂ ಇತ್ತು. ಅಂದೇ ಹೊರಮೈಗೆ ಐದೈದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಿದೆ.

ಈಗ ನನ್ನ ಪುಸ್ತಕದಲ್ಲಿ ಎರಡು ಅಂಕಣಗಳಿವೆ: ತಂತಿಗೆ ಬಂದ ಹೊತ್ತು, ನೆಲಕ್ಕೆ ಇಳಿದ ಹೊತ್ತು. ನಿನ್ನೆ 6.40, 6.52. ಎರಡನೆಯದು ಖಾಲಿ ಉಳಿದ ದಿನ ಬೇಲಿಯ ಬುಡವನ್ನು ನೋಡುತ್ತೇನೆ. ಸಾಮಾನ್ಯವಾಗಿ ಪಕ್ಕದ ಮನೆಯ ಬೆಕ್ಕು ಅಲ್ಲಿರುತ್ತದೆ.