ಮುರಿದದ್ದು ಮಾರುತಿ ಪಾರ್ಟ್ ಅಲ್ಲ, ನನ್ನ ಬೋಲ್ಟು

ಸದ್ದು ದೊಡ್ಡದೇನಲ್ಲ. ‘ಟಣ್’ ಅಂದಿತು, ಅಷ್ಟೇ. ಮರುಕ್ಷಣ ಗಾಡಿಯ ಹಿಂಭಾಗ ತನ್ನ ದಾರಿ ತಾನು ಹಿಡಿಯಿತು. ಪೂರ್ತಿ ಒಂದು ಸುತ್ತು ತಿರುಗಿ ಬದುವಿನ ಪಕ್ಕ ನಿಂತೆವು, ನಾನು ಮತ್ತು ಧೂಳು. ಇಳಿದು ನೋಡಿದರೆ ಹಿಂದಿನ ಎಡಚಕ್ರ ಸೊಟ್ಟಗೆ ತಿರುಗಿಕೊಂಡಿತ್ತು. ತೆಂಗಿನಮರದ ಕೆಳಗೆ ಕೂತಿದ್ದ ಮಾವ ಅಲ್ಲಿಂದಲೇ ಕೂಗಿದರು: ‘ಏನ್ಲಾ, ಕಡಾಣಿ ಬಿದ್ದೋಯ್ತಾ?’

ತಮಾಷೆಗೆ ಕೇಳಿದ್ದು. ಆದರೆ ಆಗಿದ್ದು ಹೆಚ್ಚೂಕಡಿಮೆ ಅದೇ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟೂಲ್‌ರೂಮ್ ಕೆಲಸ ಮಾಡುವವನು. ಭಾನುವಾರ ಮಾತ್ರ ಪಾಂಡವಪುರದ ಹತ್ತಿರ ಮಾವನ ಜಮೀನಿಗೆ ಹೋಗುತ್ತೇನೆ. ಅಲ್ಲಿನ ಶೆಡ್ಡಿನಲ್ಲಿ ನಾಲ್ಕು ವರ್ಷ ಕೂತು ಎರಡು ಸೀಟಿನ ಒಂದು ಪುಟ್ಟ ಗಾಡಿ ಕಟ್ಟಿದ್ದೇನೆ. ಕಬ್ಬಿಣದ ಪೈಪಿನ ಚಾಸಿ, ಸೀಟಿನ ಹಿಂದೆ ಮಾರುತಿ ಎಸ್ಟೀಮ್ ಇಂಜಿನ್, ಮುಂದೆ ಮಾರುತಿ 800ರ ಸ್ಟ್ರಟ್ಟು (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬ). ರೋಡಿಗೆ ಇಳಿಸುವ ಹಾಗಿಲ್ಲ. ಕಂಪನಿ ಕೊಟ್ಟ ರೂಪ ಬದಲಾಯಿಸಿದ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹಾಗಾಗಿ ತೋಟದ ಮಣ್ಣಿನ ದಾರಿಯೇ ನಮ್ಮ ಟ್ರ್ಯಾಕು. ತೂಕ ಎಷ್ಟು ಅಂತ ತಿಳಿಯೋಕೆ ಒಮ್ಮೆ ಟ್ರೇಲರ್ ಮೇಲೆ ಹಾಕಿಕೊಂಡು ಕಬ್ಬಿನ ಲಾರಿ ತೂಗುವ ವೇ ಬ್ರಿಡ್ಜಿಗೆ ಒಯ್ದಿದ್ದೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿದೆ: 230 ಕೆಜಿ. ಆಮೇಲೆ ಹಿಂದಿನವು: 330. ಒಟ್ಟು 560. ಸಾಲಿನಲ್ಲಿ ನಿಂತಿದ್ದ ಲಾರಿ ಡ್ರೈವರುಗಳು ನಕ್ಕು ಸುಸ್ತಾದರು.

ಇನ್ನು ಮುರಿದದ್ದು ಯಾವುದು ಅಂದರೆ, ಟೋ ಲಿಂಕಿನ ಬೋಲ್ಟು.

ಎಸ್ಟೀಮ್‌ನ ಮುಂದಿನ ಚಕ್ರದ ಸೆಟ್ಟನ್ನು ಹಾಗೇ ಎತ್ತಿ ನಾನು ಹಿಂದೆ ಕೂರಿಸಿದ್ದೆ. ಇಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ ಎಲ್ಲಾ ಒಟ್ಟಿಗೆ ಸಿಗುತ್ತದಲ್ವಾ, ಅದಕ್ಕೆ. ಇಟಲಿಯ ಫಿಯಾಟ್ ಎಕ್ಸ್ 1/9 ಕೂಡ ಸಾಧಾರಣ ಫಿಯಾಟ್ 128ರ ಭಾಗಗಳನ್ನು ಸೀಟಿನ ಹಿಂದಕ್ಕೆ ಸಾಗಿಸಿಯೇ ಆದ ಕಾರು. ಆದರೆ ಮುಂದಿನ ಚಕ್ರ ಅಂದಮೇಲೆ ಅದು ತಿರುಗಲೆಂದೇ ಇರುವುದು. ಹಿಂದೆ ಹಾಕಿದಾಗ ತಿರುಗಬಾರದು. ಸ್ಟೀರಿಂಗ್ ರಾಡ್ ಕೂರುತ್ತಿದ್ದ ತೋಳಿಗೆ ಒಂದು ರಾಡ್ ಹಾಕಿ, ಅದರ ಇನ್ನೊಂದು ತುದಿಯನ್ನು ಚಾಸಿಗೆ ಬಿಗಿಯಬೇಕು. ಅದೇ ಟೋ ಲಿಂಕ್. ಅದು ಹೋದರೆ ಚಕ್ರಕ್ಕೆ ಯಜಮಾನರೇ ಇಲ್ಲ.

ಸೂಚನೆ ಮೂರು ವಾರ ಮೊದಲೇ ಸಿಕ್ಕಿತ್ತು. ತಿರುವಿನಲ್ಲಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಹಿಂಭಾಗ ಒಂಚೂರು ಬಾಲ ಆಡಿಸುತ್ತಿತ್ತು. ಟೈರಿನ ಗಾಳಿ ನೋಡಿದೆ. ಚಕ್ರದ ಕಡೆಯ ಟೈ ರಾಡ್ ಎಂಡ್ (ಆ ರಾಡಿನ ತುದಿಯ ಜಾಯಿಂಟು) ಬದಲಾಯಿಸಿದೆ. ಆಮೇಲೆ ಚಕ್ರವನ್ನು ಕೆಳಗಡೆ ಚಾಸಿಗೆ ಹಿಡಿದಿಡುವ ಲೋವರ್ ಆರ್ಮಿನ ಬುಷ್ (ರಬ್ಬರ್ ಬಳೆ) ನೋಡಿದರೆ ರಬ್ಬರ್ ಹರಿದಿತ್ತು. ಸಿಕ್ಕಿತು ಕಳ್ಳ ಅಂದುಕೊಂಡೆ! ಆ ತಪ್ಪೂ ನನ್ನದೇ. ಗಾಡಿ ಜಾಕ್ ಮೇಲಿದ್ದಾಗ, ಚಕ್ರ ಜೋತುಬಿದ್ದಿದ್ದಾಗ ಬುಷ್ ಬೋಲ್ಟ್ ಬಿಗಿದುಬಿಟ್ಟಿದ್ದೆ. ಗಾಡಿ ನೆಲಕ್ಕೆ ಇಳಿದರೆ ರಬ್ಬರ್ ಆಗಲೇ ಹಿಂಡಿದ ಬಟ್ಟೆ. ನಾಲ್ಕೂ ಚಕ್ರ ನೆಲದ ಮೇಲೆ ನಿಂತು ಭಾರ ಕೂತಮೇಲೇ ಈ ಬೋಲ್ಟನ್ನು ಬಿಗಿಯಬೇಕು. ಹೊಸ ಬುಷ್ ಹಾಕಿ, ಸರಿಯಾಗಿ ಬಿಗಿದು, ನೆಮ್ಮದಿಯಾಗಿ ಮನೆಗೆ ಹೋದೆ. ಬುಷ್ ಕೆಟ್ಟಿದ್ದು ನಿಜ. ಬಾಲ ಆಡಿಸುತ್ತಿದ್ದದ್ದು ಅದಲ್ಲ.

ಮುರಿದ ಬೋಲ್ಟಿನ ತುಂಡನ್ನು ಒರೆಸಿ ಬಿಸಿಲಿಗೆ ಹಿಡಿದಾಗ ಕಥೆ ಗೊತ್ತಾಯಿತು. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗಿತ್ತು, ಕಪ್ಪೆಚಿಪ್ಪಿನ ಮೇಲಿನ ಗೆರೆಗಳ ಹಾಗೆ ಒಂದರ ಹಿಂದೆ ಒಂದು ಕಮಾನು. ಉಳಿದ ಕಾಲು ಭಾಗ ಮಾತ್ರ ಬೆಲ್ಲ ಮುರಿದ ಹಾಗೆ ಹರಳು ಹರಳು. ಒಂದೇ ಏಟಿಗೆ ಮುರಿದಿದ್ದರೆ ಆ ಗೆರೆಗಳು ಬರುವುದಿಲ್ಲ. ಬಿರುಕು ದಿನಾ ಇಷ್ಟಿಷ್ಟೇ ಬೆಳೆದು, ಕೊನೆಗೆ ಉಳಿದ ಕಾಲು ಭಾಗ ‘ಟಣ್’ ಅಂದಿತ್ತು. ಫಟೀಗ್ ಅನ್ನುವುದು ಇದನ್ನೇ.

ಯಾಕೆ ಹೀಗಾಯಿತು? ರಾಡಿನ ಒಳತುದಿಯನ್ನು, ಅಂದರೆ ಚಾಸಿಯ ಕಡೆಯದನ್ನು, ನಾನು ಒಂದೇ ಪ್ಲೇಟಿಗೆ ಬೋಲ್ಟ್ ಮಾಡಿದ್ದೆ. ಪ್ಲೇಟಿನಿಂದ ಜಾಯಿಂಟಿನ ನಡುವಿಗೆ 22 ಮಿಲಿಮೀಟರ್. ಹೀಗೆ ಒಂದೇ ಬದಿಯಿಂದ ಹಿಡಿಯುವುದಕ್ಕೆ ಸಿಂಗಲ್ ಶಿಯರ್ ಅನ್ನುತ್ತಾರೆ. ತುಂಬಿದ ಬಿಂದಿಗೆಯನ್ನು ಕೈ ಚಾಚಿ ಹಿಡಿದ ಹಾಗೆ. ನಟ್ ಬಿಗಿಯಾಗಿರುವವರೆಗೆ ಹೇಗೋ ನಡೆಯುತ್ತದೆ. ಚೂರು ಸಡಿಲವಾಯಿತೋ, ಬೋಲ್ಟ್ ಬಗ್ಗೋಕೆ ಶುರು.

ಅದೂ ಅಂಗಡಿಯವರು ಕೊಟ್ಟ ಪೂರ್ತಿ ಥ್ರೆಡ್ ಇರುವ ಎಂ10 (10 ಮಿಲಿಮೀಟರ್ ದಪ್ಪದ) ಬೋಲ್ಟು, 8.8 ಗ್ರೇಡು. ಥ್ರೆಡ್ಡಿನ ತಳದಲ್ಲಿ ಅದರ ದಪ್ಪ 8.2 ಮಿಲಿಮೀಟರಿಗಿಂತ ಕಮ್ಮಿ. ರಾಡ್ ಮೇಲೆ ಬರೀ ನೂರು ಕೆಜಿ ಬಲ ಬಿದ್ದರೂ ಆ ಜಾಗದಲ್ಲಿ ಸುಮಾರು 410 ಮೆಗಾಪಾಸ್ಕಲ್ ಒತ್ತಡ. ಈ ಬೋಲ್ಟ್ ಬಾಗಿ ಹಾಗೇ ಉಳಿಯಬೇಕಾದರೆ 640 ಬೇಕು. ಅಂದರೆ ಒಂದು ಸಲಕ್ಕೆ ಏನೂ ಆಗದು. ಪ್ರತಿ ತಿರುವಿನಲ್ಲೂ, ಪ್ರತಿ ಗುಂಡಿಯಲ್ಲೂ ಅತ್ತ ಒಮ್ಮೆ ಇತ್ತ ಒಮ್ಮೆ ಎಳೆದಾಡಿದರೆ ಥ್ರೆಡ್ಡಿನ ಮೂಲೆಯಲ್ಲಿ ಬಿರುಕು ಹುಟ್ಟಿಯೇ ಹುಟ್ಟುತ್ತದೆ. ಈ ಲೆಕ್ಕ ಹಾಕೋಕೆ ನನಗೆ ಹಿಡಿದದ್ದು ಹತ್ತು ನಿಮಿಷ. ಕಟ್ಟುವಾಗ ಯಾಕೆ ಹಾಕಲಿಲ್ಲ ಅಂತ ಕೇಳಬೇಡಿ. ‘ಎಸ್ಟೀಮ್ ಭಾರಕ್ಕೆ ಮಾಡಿದ ಪಾರ್ಟು, ನನ್ನ ಹಗುರ ಗಾಡಿಗೆ ಧಾರಾಳವಾಯಿತು’ ಅನ್ನುವ ಧೈರ್ಯ. ಎಸ್ಟೀಮ್‌ನ ಪಾರ್ಟುಗಳಿಗೆ ಏನೂ ಆಗಿರಲಿಲ್ಲ, ಬಿಡಿ. ಅವನ್ನು ಚಾಸಿಗೆ ಸೇರಿಸಿದವನು ನಾನು.

1996ರಲ್ಲಿ ಬಂದ ಲೋಟಸ್ ಎಲಿಸ್ ಹಗುರ ಕಾರುಗಳಲ್ಲಿ ದೊಡ್ಡ ಹೆಸರು. ಅಂಟು ಹಾಕಿ ಜೋಡಿಸಿದ ಅಲ್ಯೂಮಿನಿಯಂ ಚಾಸಿ, ಸುಮಾರು 725 ಕೆಜಿ ತೂಕ. ಅದರಲ್ಲೂ ಹಿಂದಿನ ಟೋ ಲಿಂಕಿನ ಒಳಜಾಯಿಂಟ್ ಸಿಂಗಲ್ ಶಿಯರೇ. ಟ್ರ್ಯಾಕಿನಲ್ಲಿ ಜೋರಾಗಿ ಓಡಿಸುವವರು ಅದನ್ನು ತೆಗೆದು ಡಬಲ್ ಶಿಯರ್ (ಎರಡೂ ಬದಿಯಿಂದ ಹಿಡಿಯುವ) ಕಿಟ್ ಹಾಕಿಕೊಳ್ಳುತ್ತಾರೆ. ಅದು ನೆನಪಾಗಿ ಸ್ವಲ್ಪ ಸಮಾಧಾನವಾಯಿತು ಅನ್ನಿ.

ನಾನೂ ಅದನ್ನೇ ಮಾಡಿದೆ. ಬಿಂದಿಗೆಯನ್ನು ಕೋಲಿಗೆ ಕಟ್ಟಿ ಇಬ್ಬರು ಹೆಗಲ ಮೇಲೆ ಹೊತ್ತ ಹಾಗೆ, ಜಾಯಿಂಟಿನ ಎರಡೂ ಬದಿಗೆ 4 ಮಿಲಿಮೀಟರ್ ಪ್ಲೇಟ್, ನಡುವೆ 30 ಮಿಲಿಮೀಟರ್. ಪ್ಲೇಟುಗಳ ನಡುವೆ ಥ್ರೆಡ್ ಬರದ, ನುಣುಪು ಮೈಯ ಬೋಲ್ಟು. ಒಳಗೆ ನೈಲಾನ್ ಬಳೆಯಿದ್ದು ಸುಲಭಕ್ಕೆ ಸಡಿಲವಾಗದ ಹೊಸ ನೈಲಾಕ್ ನಟ್. ಅದೇ ನೂರು ಕೆಜಿಗೆ ಈಗ ಒತ್ತಡ 75ರ ಆಸುಪಾಸು. ವೆಲ್ಡಿಂಗ್ ಆದಮೇಲೆ ಟೂಲ್‌ರೂಮಿನಿಂದ ಡೈ ಪೆನೆಟ್ರಂಟ್ ಡಬ್ಬಿಗಳನ್ನು ತಂದೆ. ಕೆಂಪು ಬಣ್ಣ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಬಿಳಿ ಪುಡಿ ಹೊಡೆದರೆ ಕೂದಲೆಳೆ ಬಿರುಕೂ ಕೆಂಪಾಗಿ ಕಾಣುತ್ತದೆ. ಹೊಸ ವೆಲ್ಡಿನಲ್ಲೇ ಒಂದು ಕಡೆ ಕಂಡಿತು! ಗ್ರೈಂಡ್ ಮಾಡಿ ಮತ್ತೆ ಬೆಸುಗೆ ಹಾಕಿದೆ.

ಬಲಗಡೆಯ ಹಳೇ ಬೋಲ್ಟ್ ಮುರಿದಿರಲಿಲ್ಲ. ಸುಮ್ನೆ ಇರಲಿ ಅಂತ ಅದಕ್ಕೂ ಬಣ್ಣ ಹೊಡೆದೆ. ಥ್ರೆಡ್ಡಿನ ಸುತ್ತ ಅರ್ಧಚಂದ್ರ ಮೂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಸ್ಪ್ರಿಂಗಿನದೂ ಪಾಲಿತ್ತು. ಎಸ್ಟೀಮ್ ಸ್ಪ್ರಿಂಗ್ ನನ್ನ ಗಾಡಿಗೆ ಗಡಸು. ಗುಂಡಿ ಬಂದರೆ ಚಕ್ರ ಕುಣಿಯುತ್ತದೆ, ಏಟೆಲ್ಲಾ ಜಾಯಿಂಟಿಗೆ. ‘ಒಂದು ಸುತ್ತು ಕತ್ತರಿಸಿಬಿಡಿ ಸಾರ್, ಮೆತ್ತಗಾಗುತ್ತೆ’ ಅಂದರು ಗ್ಯಾರೇಜಿನವರು. ಕತ್ತರಿಸಿದೆ. ಗಾಡಿ ಕೆಳಗಾಯಿತು, ಸ್ಪ್ರಿಂಗ್ ಇನ್ನೂ ಗಡುಸಾಯಿತು. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಬಿಗಿ. ಕೊನೆಗೆ ಅದೇ ಅಳತೆಯ ನಾಲ್ಕೈದು ಹಳೇ ಸ್ಪ್ರಿಂಗುಗಳನ್ನು ಗುಜರಿಯಿಂದ ತಂದು, ಡ್ರಿಲ್ಲಿಂಗ್ ಮಷೀನಿನ ಕೆಳಗೆ ತೂಕದ ಮಷೀನ್ ಇಟ್ಟು, 25 ಮಿಲಿಮೀಟರ್ ಅದುಮಿದರೆ ಎಷ್ಟು ಕೆಜಿ ತೋರಿಸುತ್ತದೆ ಅಂತ ಒಂದೊಂದಾಗಿ ನೋಡಿದೆ. ಹೊಂದುವ ಜೋಡಿ ಸಿಕ್ಕಿತು.

ಅಲೈನ್‌ಮೆಂಟ್ ಶೆಡ್ಡಿನಲ್ಲೇ. ಗಾರೆ ಕೆಲಸದವರ ನೀರಿನ ಟ್ಯೂಬಿನಿಂದ ನಾಲ್ಕು ಚಕ್ರದ ಜಾಗ ಸಮ ಮಾಡಿಕೊಂಡು, ಗಾಡಿಯ ಎರಡೂ ಪಕ್ಕ ನೈಲಾನ್ ದಾರ ಎಳೆದು, ಸ್ಟೀಲ್ ಸ್ಕೇಲಿನಿಂದ ರಿಮ್ಮಿನ ಮುಂದೆ ಹಿಂದೆ ಅಳೆದೆ. ಹಿಂದಿನ ಚಕ್ರಗಳು ಒಟ್ಟು 3 ಮಿಲಿಮೀಟರ್ ಒಳಮುಖ. ನಟ್‌ಗಳ ಮೇಲೆ ಹಳದಿ ಪೇಂಟಿನ ಗೆರೆ ಎಳೆದಿದ್ದೇನೆ. ಗೆರೆ ತಪ್ಪಿದ್ದರೆ ನಟ್ ತಿರುಗಿದೆ ಅಂತ ಲೆಕ್ಕ. ಪ್ರತಿ ಭಾನುವಾರ ಓಡಿಸುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ಬಗ್ಗಿ ನೋಡುತ್ತೇನೆ.

ಎರಡು ತಿಂಗಳಾಯಿತು, ಗೆರೆ ಅಲುಗಿಲ್ಲ. ಬಾಲ ಆಡಿಸುವುದೂ ನಿಂತಿದೆ. ಆದರೆ ಹೋದ ವಾರದಿಂದ ಬಲಗಡೆ ಸ್ಟ್ರಟ್ಟಿನ ಮೇಲ್ತುದಿಯಲ್ಲಿ ‘ಟಕ್’ ಅಂತ ಒಂದು ಸದ್ದು. ಆ ಬ್ರಾಕೆಟ್ ಮಾಡಿದವನೂ ನಾನೇ. ಈ ಭಾನುವಾರ ಬಿಚ್ಚಬೇಕು.